ಏನು ಮಾಡಿಕೊಂಡೆ?

ಕನ್ನಡದಲ್ಲಿ ‘ಕೊಳ್ಳು’ ಎಂಬ ಪುಟ್ಟ ಕ್ರಿಯಾಪದವೊಂದಿದೆ. ಬೇರೊಂದು ಕ್ರಿಯಾಪದದ ಬಾಲಕ್ಕೆ ಅದು ಅಂಟಿತೆಂದರೆ ಆದ ಸಂಗತಿ ಮಾಡಿದ ಸಂಗತಿಯಾಗಿಬಿಡುತ್ತದೆ. ಬಿದ್ದವನನ್ನು ಕಂಡು ‘ಕಾಲು ಮುರಿದುಕೊಂಡ’ ಎನ್ನುತ್ತೇವೆ, ಬೇಕೆಂದೇ ಮುರಿದನೋ ಎಂಬಂತೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ನನಗೆ ನಂಟರಿಷ್ಟರಿರುವ ಈ ನಾಲ್ಕು ಊರುಗಳಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ತಲೆಗೂದಲು ಉದುರಿದರೆ ಮೊದಲು ಕೇಳಿಬರುವ ಪ್ರಶ್ನೆಯೂ ಇದೇ ಜಾತಿಯದು: “ಏನವ್ವಾ, ಕೂದ್ಲೆಲ್ಲ ಏನ್ ಮಾಡ್ಕಂಡಿ?”

ಚನ್ನಗಿರಿಯಲ್ಲಿ ಬಂಧುಗಳ ಮನೆಯ ಹುಡುಗಿಯೊಬ್ಬಳಿಗೆ ಡೆಂಗಿ ಜ್ವರ ಬಂದು ವಾಸಿಯಾಯಿತು. ಎರಡು ಮೂರು ತಿಂಗಳ ಮೇಲೆ ಬಾಚಣಿಗೆಯ ತುಂಬ ಕೂದಲು. ತಾಯಿ ಸೋಪನ್ನು ಬೈದರು, ಅಜ್ಜಿ ದೃಷ್ಟಿ ತೆಗೆದರು, ನೆರೆಯವರು ಬೋರ್‌ವೆಲ್ ನೀರೆಂದರು. ಜ್ವರದ ನೆನಪು ಯಾರಿಗೂ ಬರಲಿಲ್ಲ. ಬರುವುದಾದರೂ ಹೇಗೆ? ತಲೆಯ ಮೇಲಿನ ಸುಮಾರು 1 ಲಕ್ಷ ಕೂದಲುಗಳಲ್ಲಿ ಹತ್ತರಲ್ಲೊಂದು ಪಾಲು ಯಾವಾಗಲೂ ಬೆಳವಣಿಗೆ ನಿಲ್ಲಿಸಿ ವಿಶ್ರಮಿಸುತ್ತಿರುತ್ತದೆ. ದಿನಕ್ಕೆ 100ರವರೆಗೆ ಉದುರುವುದು ಲೆಕ್ಕದ ಖರ್ಚೇ. ಕಡುಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಭಾರಿ ದುಃಖ—ಇಂಥದೇನಾದರೂ ಬಂದಾಗ ಬೆಳೆಯುತ್ತಿದ್ದ ಕೂದಲೂ ಗುಂಪುಗುಂಪಾಗಿ ವಿಶ್ರಾಂತಿಗೆ ಸರಿಯುತ್ತದೆ. ಆದರೆ ಉದುರುವುದು ಎರಡು ಮೂರು ತಿಂಗಳು ಕಳೆದು. 2020-21ರ ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹೀಗಾಯಿತು. ಕಾರಣ ಸಂಕ್ರಾಂತಿಯಲ್ಲಿ, ಕಾರ್ಯ ಯುಗಾದಿಯಲ್ಲಿ. ಕನ್ನಡಿಯ ಮುಂದೆ ನಿಂತವರು ನಿನ್ನೆಯ ಸೋಪನ್ನು ಹಿಡಿದು ವಿಚಾರಣೆ ನಡೆಸುತ್ತಾರೆ. ಮುಂದೆ ಆ ಹುಡುಗಿಯ ಕೂದಲು ತಾನಾಗಿ ಬೆಳೆಯಿತು. ಆಗಲೂ ಬಿಡಲಿಲ್ಲ: “ಯಾವ ಎಣ್ಣೆ ಹಚ್ಚಿದೆ?”

ಈ ಪ್ರಶ್ನೆಗಳಲ್ಲಿ ಕುತೂಹಲಕ್ಕಿಂತ ಭಯವೇ ಹೆಚ್ಚೆಂದು ನನ್ನ ಗುಮಾನಿ. ಅವಳು ಏನೋ ಮಾಡಿಕೊಂಡಿದ್ದರೆ, ಅದನ್ನು ಮಾಡದ ನಾನು ಕ್ಷೇಮ. ಕರ್ಮಸಿದ್ಧಾಂತವನ್ನೂ ನಾವು ಹೆಚ್ಚಾಗಿ ಪರರ ಕಷ್ಟಕ್ಕೇ ಅನ್ವಯಿಸುವುದು. (ತಿರುಪತಿಗೆ ಮುಡಿ ಕೊಟ್ಟು ಬಂದವರ ಬೋಳುತಲೆ ಕಂಡರೆ ಮಾತ್ರ ಲಡ್ಡುವಿಗೆ ಕೈಯೊಡ್ಡುತ್ತೇವೆ.)

ಒಬ್ಬರಿಗಾದರೆ ಹೀಗೆ, ಊರಿಗೆ ಊರೇ ಆದರೆ? 2024ರ ಡಿಸೆಂಬರು, 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಸುತ್ತಿನ ಹಳ್ಳಿಗಳಲ್ಲಿ ಬಹುಮಂದಿಯ ಕೂದಲು ಕೆಲವೇ ದಿನಗಳಲ್ಲಿ ಕೈಗೆ ಬಂತು. ಮೊದಲು ನೀರಿನ ಮೇಲೆ ಸಂಶಯ. ಆಮೇಲೆ, ಚೇಳುಕಡಿತದ ಚಿಕಿತ್ಸೆಗೆ ಹೆಸರಾದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು ಪಡಿತರದ ಗೋಧಿಯಲ್ಲಿದ್ದ ಅತಿಯಾದ ಸೆಲೀನಿಯಮ್ ಇದಕ್ಕೆ ಕಾರಣವೆಂದರು. ಅವರ ಮಾತು ನಿಜವಾದರೆ ಆ ಜನ ಮಾಡಿಕೊಂಡದ್ದು ಇಷ್ಟೇ—ಸರ್ಕಾರ ಕೊಟ್ಟ ಗೋಧಿಯ ರೊಟ್ಟಿ ತಿಂದರು. ಆದರೂ ನಾಚಿಕೆಯೆಲ್ಲ ಅವರದೇ. ಎಳೆಯರ ಓದಿಗೂ ಮದುವೆಯ ಮಾತಿಗೂ ಅಡ್ಡಿಯಾಯಿತು.

ಅಷ್ಟು ದೂರ ಹೋಗುವುದೇಕೆ? ಜಗಳೂರಿನ ಬಯಲಿನಲ್ಲಿ ಕೊಳವೆಬಾವಿಯ ಫ್ಲೋರೈಡ್ ಎಷ್ಟೋ ಮಕ್ಕಳ ಹಲ್ಲಿಗೆ ಕಂದುಗಲೆ ಹಚ್ಚಿದೆ. ಊರೊಳಗೆ ಅದನ್ನು ಯಾರೂ ಎಣಿಸುವುದಿಲ್ಲ. ಪೇಟೆಯಿಂದ ಹೆಣ್ಣು ನೋಡಲು ಬಂದವರು ಬಾವಿಯನ್ನು ಬಿಟ್ಟು ಹುಡುಗಿಯನ್ನು ಕೇಳುತ್ತಾರೆ: “ಸರಿಯಾಗಿ ಹಲ್ಲುಜ್ಜುವುದಿಲ್ಲವೇನಮ್ಮ?” ಕೇಳಬೇಕಾದ ಪ್ರಶ್ನೆಯನ್ನು ಹೀಗೆ ಹುಡುಗಿಯ ಮೇಲೆ ಖರ್ಚುಮಾಡಿಬಿಟ್ಟರೆ ಬಾವಿಯ ಪಾಲಿಗೆ ಏನೂ ಉಳಿಯುವುದಿಲ್ಲ.

ನ್ಯಾಮತಿಯ ನನ್ನ ಉಪಾಧ್ಯಾಯ ಮಿತ್ರರು ಇದನ್ನು ಒಪ್ಪುವುದಿಲ್ಲ. “ಒಂದು ಮಾತಿನ ಬಾಲಕ್ಕೆ ಇಷ್ಟು ಭಾರ ಕಟ್ಟಬೇಡಿ ಸ್ವಾಮಿ. ‘ಏನ್ ಮಾಡ್ಕಂಡಿ’ ಅನ್ನೋದು ನಮ್ಮ ಕಡೆ ಅಕ್ಕರೆ. ಕೇಳದೆ ಹೋದರೆ ಅದಕ್ಕೂ ಬೇಜಾರು ಮಾಡ್ಕಳ್ತಾರೆ” ಎನ್ನುತ್ತಾರೆ. ಅವರ ಮಾತಿನಲ್ಲಿ ಅರ್ಧಕ್ಕೂ ಹೆಚ್ಚು ನಿಜವಿದೆ. ಆದರೆ ಅಕ್ಕರೆಯಿಂದ ಕೇಳಿದ ಪ್ರಶ್ನೆಗೂ ಉತ್ತರ ಹೇಳಬೇಕಾದವಳು ಅವಳೇ. ಕೂದಲು ಉದುರುತ್ತಿದ್ದ ಆ ದಿನಗಳಲ್ಲಿ ಹೊನ್ನಾಳಿಯಲ್ಲಿ ನಮ್ಮವರದೊಂದು ಮದುವೆಯಿತ್ತು. ಚನ್ನಗಿರಿಯ ಹುಡುಗಿ ಬರಲಿಲ್ಲ, ಜ್ವರವೆಂದು ಹೇಳಿಕಳಿಸಿದಳು.