ಮನೆಯೋ ಫ್ಲ್ಯಾಟೋ: ಶ್ರಾವಕನ ಮಿತಿಯ ಪ್ರಶ್ನೆ

ಕಳೆದ ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ಪ್ರವಚನ ಮುಗಿಸಿ ಬಸದಿಯ ಮೆಟ್ಟಿಲಿಳಿಯುತ್ತಿದ್ದಾಗ ನನ್ನ ತಂಗಿಯ ಮಗ ಬಳಿಗೆ ಬಂದು, "ಮಾವ, ಮಂಡ್ಯದಲ್ಲಿ ಸ್ವಂತದ್ದೊಂದು ಮಾಡಿಕೊಳ್ಳಬೇಕೆಂದಿದ್ದೇವೆ. ನಿವೇಶನ ಕೊಂಡು ಕಟ್ಟಿಸುವುದೋ, ಫ್ಲ್ಯಾಟ್ ಕೊಳ್ಳುವುದೋ ತಿಳಿಯದಾಗಿದೆ" ಎಂದ. ತನ್ನದೆಂಬುದು ಏನೂ ಇಲ್ಲವೆಂಬ ಧರ್ಮವನ್ನು ಒಂದು ಗಂಟೆ ಕೇಳಿ ಹೊರಬಂದವನ ಬಾಯಿಂದ ಈ ಮಾತು ಬಂದುದಕ್ಕೆ ಪಕ್ಕದಲ್ಲಿದ್ದ ಇಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಬಾಡಿಗೆಯ ಮನೆಯಲ್ಲಿ ಎಂಟು ವರ್ಷ ಕಳೆದ ದಂಪತಿಗಳು ಇದನ್ನು ಕೇಳಬೇಕಾದುದು ಸಹಜ, ಬಸದಿಯ ಮೆಟ್ಟಿಲೇ ಅದಕ್ಕೆ ತಕ್ಕ ಸ್ಥಳ.

ಗೃಹಸ್ಥನಿಗೆ ಮನೆ ನಿಷಿದ್ಧವಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ವ್ರತಿಗಳನ್ನು ಅಗಾರಿ, ಅನಗಾರ ಎಂದು ಎರಡಾಗಿ ವಿಂಗಡಿಸಿದ್ದಾರೆ. ಅಗಾರವೆಂದರೆ ಮನೆ; ಶ್ರಾವಕನಿಗೆ ಹೆಸರು ಬಂದಿರುವುದೇ ಮನೆಯಿಂದ. ಈ ಮಾತಿಗೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಒಂದು ಆಕ್ಷೇಪವನ್ನು ತಾವೇ ಎತ್ತುತ್ತಾರೆ. ಪಾಳುಮನೆಯಲ್ಲಿಯೋ ದೇಗುಲದಲ್ಲಿಯೋ ತಂಗಿದ ಮುನಿಯು ಅಗಾರಿಯಾಗಬೇಕಾದೀತು. ತೃಷ್ಣೆ ಅಳಿಯದೆ ಯಾವುದೋ ಕಾರಣಕ್ಕೆ ಮನೆಬಿಟ್ಟು ಕಾಡು ಸೇರಿದವನು ಅನಗಾರನಾಗಬೇಕಾದೀತು, ಇದು ಹೇಗೆ ಎಂದು. ಇಲ್ಲಿ ಹೇಳಿರುವುದು ಭಾವದೊಳಗಿನ ಮನೆಯನ್ನು ಎಂಬುದು ಅವರ ಸಮಾಧಾನ. ಆದುದರಿಂದ ನೆಲದ ಮೇಲಿನ ಮನೆ ಒಂದೇ ಅಂತಸ್ತಿನದೋ ಐದನೆಯ ಅಂತಸ್ತಿನಲ್ಲಿರುವುದೋ ಎಂಬುದಕ್ಕಿಂತ, ಮನಸ್ಸಿನಲ್ಲಿ ಅದು ಎಷ್ಟು ಅಂತಸ್ತು ಏರುತ್ತಿದೆ ಎಂಬುದು ಮೊದಲ ಪ್ರಶ್ನೆ. ಹಾಗೆಂದು ನೆಲದ ಲೆಕ್ಕವನ್ನು ಬಿಡಲಾಗದು. ವಾಣಿಜ್ಯ ಓದಿ ಅಂಗಡಿಯಲ್ಲಿ ಕುಳಿತವನಿಗಂತೂ ಲೆಕ್ಕ ಬಿಟ್ಟು ಧರ್ಮ ಹೇಳುವುದು ಕಷ್ಟ.

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಭತ್ತ, ಕಬ್ಬು ಬೆಳೆದ ಸೀಮೆ. ಊರಿನ ಅಂಚಿನಲ್ಲಿ ಹೊಸ ಬಡಾವಣೆಯಾಗುವುದೆಂದರೆ ಬಹುಮಟ್ಟಿಗೆ ಗದ್ದೆ ಮುಚ್ಚುವುದೆಂದೇ ಅರ್ಥ. ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರಡಿ. 30-40ರ ನಿವೇಶನವೊಂದು 1200 ಚದರಡಿ, ಗುಂಟೆಗೆ ಮಿಕ್ಕಿದ್ದು. ರಸ್ತೆ, ಚರಂಡಿ, ಉದ್ಯಾನಗಳಿಗೆ ಬಿಟ್ಟ ಮೇಲೆ ಎಕರೆಗೆ ಇಪ್ಪತ್ತರ ಆಸುಪಾಸು ನಿವೇಶನ ಸಿಕ್ಕಬಹುದು. ಅದೇ ಇಪ್ಪತ್ತು ಕುಟುಂಬಗಳು ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಹತ್ತು ಗುಂಟೆಯೊಳಗೆ ಇರಬಲ್ಲವು. ಕೆಸರುಗದ್ದೆಯ ಮೇಲೆ ಲಾರಿಗಟ್ಟಲೆ ಮಣ್ಣು ಸುರಿದಾಗ ಅದರೊಳಗಿನ ಕಪ್ಪೆ, ಏಡಿ, ಎರೆಹುಳುಗಳ ಗತಿಯೇನೆಂದು ನಿಂತು ನೋಡಿದವರು ಬಲ್ಲರು. ಗೃಹಸ್ಥನಿಗೆ ಆರಂಭಹಿಂಸೆ ಅನಿವಾರ್ಯವೆನ್ನುತ್ತೇವೆ, ನಿಜ. ಆದರೆ ಅನಿವಾರ್ಯವೆಂಬ ಮಾತು ಕಡಮೆ ಮಾಡಲು ಸಾಧ್ಯವಿದ್ದಷ್ಟನ್ನು ಕಡಮೆ ಮಾಡಿದ ಮೇಲೆ ಬರಬೇಕಾದುದು. ಈ ಒಂದು ದೃಷ್ಟಿಯಿಂದ ಫ್ಲ್ಯಾಟಿನ ಪಕ್ಷ ಬಲವಾಗಿದೆ.

ಆದರೆ "ಬಿಲ್ಡರ್ ಕಟ್ಟಿದ್ದು, ನಾವು ಕೊಂಡೆವಷ್ಟೆ, ಅಗೆದ ಪಾಪ ನಮ್ಮದಲ್ಲ" ಎನ್ನುವವರಿದ್ದಾರೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರನ್ನೂ ಎಣಿಸುವ ಧರ್ಮದಲ್ಲಿ ಹುಟ್ಟಿ ಈ ಮಾತಾಡುವುದು ಸಲ್ಲದು. ಕೊಳ್ಳುವವನಿಲ್ಲದೆ ಕಟ್ಟುವವನಿಲ್ಲ.

ಇನ್ನು ಮನೆಯ ಪಕ್ಷ. ನನ್ನ ಬಾಲ್ಯದ ಮನೆಯ ಹಿತ್ತಿಲಿನಲ್ಲಿ ಬಾವಿಯಿತ್ತು. ತಾಯಿಯವರು ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಸೋಸಿದ ನೀರಿನಿಂದಲೇ ತೊಳೆದು, ಮೆಲ್ಲಗೆ ಅದೇ ಬಾವಿಗೆ ಇಳಿಸುತ್ತಿದ್ದರು. ಎಲ್ಲಿಂದ ಬಂದ ಜೀವವೋ ಅಲ್ಲಿಗೇ ಹಿಂದಿರುಗಬೇಕು. ಕೊಳವೆಬಾವಿಯಿಂದ ಮೇಲ್ತೊಟ್ಟಿಗೆ, ಅಲ್ಲಿಂದ ನಲ್ಲಿಗೆ ಬಂದ ನೀರಿನ ಜೀವಾಣಿಯನ್ನು ಮೂರನೆಯ ಅಂತಸ್ತಿನವರು ಎಲ್ಲಿಗೆ ಕಳುಹಿಸಿಯಾರು? ನಲ್ಲಿಗೆ ಬಟ್ಟೆ ಕಟ್ಟಿ ಸೋಸಿದೆವೆಂದರೆ ಕ್ರಿಯೆಯ ಅರ್ಧ ಮಾತ್ರ ನಡೆಯಿತು. ವಿಹಾರದಲ್ಲಿರುವ ಮುನಿಸಂಘ ಊರಿಗೆ ಬಂದಾಗ ಈ ತೊಡಕು ಇನ್ನಷ್ಟು ಕಾಣುತ್ತದೆ. ಬಾವಿಯ ನೀರಿನ ಅಡುಗೆಯನ್ನೇ ಸ್ವೀಕರಿಸುವ ನಿಯಮವುಳ್ಳ ತ್ಯಾಗಿಗಳಿಗೆ ಫ್ಲ್ಯಾಟಿನಲ್ಲಿ ಚೌಕ ಹೂಡುವುದು ಹೇಗೆ? ಪಡಗಾಹಿಸಲು ದಂಪತಿಗಳು ಕಲಶ ಹಿಡಿದು ಲಿಫ್ಟಿನ ಬಾಗಿಲಲ್ಲಿ ನಿಲ್ಲುವುದೇ? ನಗಬೇಡಿ, ಬೆಂಗಳೂರಿನಲ್ಲಿರುವ ನಮ್ಮವರ ನಿಜವಾದ ಕಷ್ಟವಿದು. ಆದರೆ ಇಂದು ಊರಂಚಿನಲ್ಲಿ ಸ್ವಂತ ಮನೆ ಕಟ್ಟಿದವರಲ್ಲಿಯೂ ಬಾವಿ ತೋಡಿಸಿದವರು ವಿರಳ. ನಾಲ್ಕೂ ಮಗ್ಗುಲಿಗೆ ಸಿಮೆಂಟು ಹಾಸಿ ಕೊಳವೆಬಾವಿ ಕೊರೆಸಿದ ಮೇಲೆ ಮನೆಯೂ ನೆಲದ ಮೇಲಿನ ಫ್ಲ್ಯಾಟೇ.

ನೆರೆಯವರ ಅಡುಗೆಯ ವಾಸನೆಯ ಮಾತನ್ನು ನಮ್ಮವರು ಬಹಳ ಆಡುತ್ತಾರೆ. ಒಂದೇ ಸಮುದಾಯದವರಿಗೆ ಮೀಸಲಾದ ವಸತಿ ಸಹಕಾರ ಸಂಘದ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟು ಪಾರ್ಸಿಗಳ ಮೊಕದ್ದಮೆಯೊಂದರಲ್ಲಿ ಎತ್ತಿಹಿಡಿದಿದೆ, ಕಾನೂನು ಅಡ್ಡಿಯಿಲ್ಲ. ಆದರೂ ಬಾಗಿಲು ಮುಚ್ಚಿಕೊಂಡು ಉಳಿಸಿಕೊಂಡ ಅಹಿಂಸೆ ನನಗೇಕೋ ರುಚಿಸದು. ನಮ್ಮ ಹಿರಿಯರು ಮಂಡ್ಯದ ಪೇಟೆಯಲ್ಲಿ ಎಲ್ಲ ಜಾತಿಯವರ ನಡುವೆಯೇ ಬಾಳಿ ಶುದ್ಧರಾಗಿದ್ದರು.

ಕೊಳ್ಳುವ ಕ್ರಮದಲ್ಲಿ ಆಗುವ ದೋಷಗಳು ಇವುಗಳಿಗಿಂತ ಹಿರಿದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ, ಹೀನಾಧಿಕ ಮಾನೋನ್ಮಾನ ಎಂಬ ಎರಡಿವೆ. ರಾಜ್ಯದ ಕಟ್ಟಳೆ ಮೀರುವುದು ಮೊದಲನೆಯದು, ಅಳತೆಯಲ್ಲಿ ವಂಚಿಸುವುದು ಎರಡನೆಯದು. ಅರ್ಧ ಬೆಲೆಯನ್ನು ಕಾಗದದಲ್ಲಿ ತೋರಿಸಿ ಉಳಿದುದನ್ನು ಚೀಲದಲ್ಲಿ ಕೊಡುವುದು ಮೊದಲನೆಯದರ ನೇರ ಉದಾಹರಣೆ. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್‌ನಿಂದಲೇ ನಿಷೇಧಿಸಿತು. 1964ರ ಭೂಕಂದಾಯ ಕಾಯಿದೆಯಂತೆ ಭೂಪರಿವರ್ತನೆಯಾಗದ ಗದ್ದೆಯನ್ನೇ ನಿವೇಶನವೆಂದು ಕೊಳ್ಳುವುದೂ ಇದೇ ಸಾಲಿಗೆ ಸೇರುತ್ತದೆ. ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರು ಏಕೆ ಅಗ್ಗವಾಯಿತೆಂದು ಕೇಳಿಕೊಳ್ಳುವುದಿಲ್ಲ. ಇನ್ನು ಅಳತೆ: ಮೆಟ್ಟಿಲು, ಮೊಗಸಾಲೆ, ಲಿಫ್ಟಿನ ಗುಂಡಿಗಳನ್ನೆಲ್ಲ ಹಂಚಿ ಸೇರಿಸಿ 1200 ಚದರಡಿ ಎಂದು ಮಾರಿ, ಒಳಗೆ ಕಾಲಿಡಲು ಎಂಟುನೂರೈವತ್ತು ಕೊಡುವ ವ್ಯಾಪಾರಕ್ಕೆ ನಮ್ಮ ಆಚಾರ್ಯರು ಎಂದೋ ಹೆಸರಿಟ್ಟಿದ್ದರು. 2016ರ ರೇರಾ ಕಾಯಿದೆ ಗೋಡೆಯೊಳಗಿನ ಕಾರ್ಪೆಟ್ ವಿಸ್ತೀರ್ಣವನ್ನೇ ತಿಳಿಸಬೇಕೆಂದು ವಿಧಿಸಿದೆ. ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳೂ 500 ಚದರ ಮೀಟರಿಗೂ ಮಿಗಿಲಾದ ನೆಲವೂ ಉಳ್ಳ ಯೋಜನೆಗೆ ನೋಂದಣಿ ಬೇಕು. ನಮ್ಮ ಸಮಾಜದಲ್ಲಿ ಕೊಳ್ಳುವವರಂತೆ ಕಟ್ಟಿ ಮಾರುವವರೂ ಇದ್ದಾರೆ; ಈ ಮಾತು ಇಬ್ಬರಿಗೂ.

ಸಾಲದ ಲೆಕ್ಕವನ್ನು ಅವನಿಗೆ ಅಲ್ಲಿಯೇ ಮಾಡಿ ತೋರಿಸಿದೆ. 30 ಲಕ್ಷವನ್ನು ಶೇಕಡ ಎಂಟೂವರೆಯಂತೆ 20 ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಕೊನೆಗೆ ಕಟ್ಟುವುದು ಅರವತ್ತೆರಡೂವರೆ ಲಕ್ಷ. ಇದರಲ್ಲಿ ಬಡ್ಡಿಯೇ ಅಸಲಿಗಿಂತ ಹೆಚ್ಚು. ಹದಿನೈದು ವರ್ಷಕ್ಕಾದರೆ ಕಂತು ಸುಮಾರು ಮೂರೂವರೆ ಸಾವಿರ ಏರಿ, ಒಟ್ಟಿನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಎರಡು ಸಂಬಳಗಳನ್ನೂ ಕಂತಿಗೇ ಬರೆದುಕೊಟ್ಟ ಮನೆಯಲ್ಲಿ ದಾನಕ್ಕೆ, ಸ್ವಾಧ್ಯಾಯಕ್ಕೆ ಏನುಳಿದೀತು?

ಈಗ ನನ್ನ ಮಾತು. ಹೇಳಿಕೊಳ್ಳಲು ಸಂಕೋಚವಾದರೂ ವಿಷಯ ಕೇಳುತ್ತದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಗುರುಗಳ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ವ್ರತ ಸ್ವೀಕರಿಸಿ, ವಾಸಕ್ಕೊಂದು ಮನೆ, ವ್ಯಾಪಾರಕ್ಕೊಂದು ಮಳಿಗೆ ಎಂದು ಮಿತಿ ಹೇಳಿದ್ದೆ. ಕೆಲವು ವರ್ಷಗಳ ಮೇಲೆ ಮದ್ದೂರಿನ ಹತ್ತಿರ ಒಳ್ಳೆಯ ನಿವೇಶನ ಬಂದಿತು. ಪತ್ನಿಯ ಹೆಸರಿಗೆ ನೋಂದಾಯಿಸಿದೆ. ನನ್ನ ಹೆಸರಿನಲ್ಲಿಲ್ಲ, ವ್ರತಕ್ಕೆ ಭಂಗವಿಲ್ಲ ಎಂಬ ಸಮಾಧಾನ. ಬೆಂಗಳೂರು-ಮೈಸೂರು ದಶಪಥದ ಕೆಲಸ ನಡೆದಷ್ಟು ಕಾಲವೂ ಸಾಮಾಯಿಕಕ್ಕೆ ಕುಳಿತರೆ ಅದರ ಬೆಲೆಯೇ ಕಣ್ಣಮುಂದೆ. 2023ರ ಮಾರ್ಚ್‌ನಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಅದರ ಉದ್ಘಾಟನೆಯಾದ ರಾತ್ರಿ ನಿದ್ರೆಯೇ ಬರಲಿಲ್ಲ, ಸಂತೋಷದಿಂದ. ಅದೇ ದಿನಗಳಲ್ಲಿ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದ ವಿವರಣೆಯನ್ನು ಓದುತ್ತಿದ್ದೆ. ಹನ್ನೆರಡನೆಯ ಶತಮಾನದ ಆ ಗ್ರಂಥದಲ್ಲಿ, ಒಂದೇ ಮನೆಯೆಂದು ವ್ರತ ಹೊತ್ತವನು ಪಕ್ಕದ ಮನೆಯನ್ನೂ ಕೊಂಡು ನಡುಗೋಡೆ ಕೆಡವಿ 'ಈಗಲೂ ಒಂದೇ' ಎನ್ನುವುದನ್ನು ಅತಿಚಾರವಾಗಿ ಎಣಿಸಿದೆ. ಇಂದು ಎರಡು ಫ್ಲ್ಯಾಟುಗಳ ನಡುಗೋಡೆ ಒಡೆಯುವವರನ್ನು ನೆನೆದು ಮೊದಲು ನಕ್ಕೆ. ಮರುಗಳಿಗೆಯಲ್ಲಿ ಪತ್ನಿಯ ಹೆಸರಿನ ನಿವೇಶನ ನೆನಪಾಯಿತು. ನಾನು ಕೆಡವಿದ ಗೋಡೆ ಕಾಗದದ್ದು, ಅಷ್ಟೇ ವ್ಯತ್ಯಾಸ. ಮಾರಬೇಕೆಂದು ಮನೆಯಲ್ಲಿ ಹೇಳಿದಾಗ ಆಕೆ, "ಕೊಳ್ಳುವಾಗಲೂ ನನ್ನನ್ನು ಕೇಳಲಿಲ್ಲ, ಮಾರುವಾಗಲೂ ಕೇಳುತ್ತಿಲ್ಲ" ಎಂದಳು. ಆ ಮಾತಿನ ಭಾರ ನಿವೇಶನ ಹೋದ ಮೇಲೂ ಇಳಿದಿಲ್ಲ.

ಆದ್ದರಿಂದಲೇ ತಂಗಿಯ ಮಗನಿಗೆ ನಾನು ಹೇಳಿದುದು ಇಷ್ಟೆ: ನೋಡಲು ಹೊರಡುವ ಮುನ್ನ ಮಿತಿ ಹೇಳು, ನೋಡಿದ ಮೇಲೆ ಹೇಳಿದ ಮಿತಿ ನೋಡಿದ್ದಕ್ಕೆ ತಕ್ಕಂತೆ ಹಿಗ್ಗುತ್ತದೆ. ಸಮಂತಭದ್ರಾಚಾರ್ಯರು ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರು ಕೊಟ್ಟು, ಅದರ ಅತಿಚಾರಗಳಲ್ಲಿ ವಿಸ್ಮಯವನ್ನೂ ಸೇರಿಸಿದ್ದಾರೆ. ಪರರ ಸಿರಿ ಕಂಡು ಬೆರಗಾಗುವುದೂ ದೋಷ! ಗೃಹಪ್ರವೇಶಗಳಿಗೆ ಹೋಗಿ ಅಮೃತಶಿಲೆಯ ನೆಲವನ್ನು ಕೈಯಿಂದ ಸವರಿ ಬರುವ ನಾವು ಯೋಚಿಸಬೇಕಾದ ಮಾತು. ಫ್ಲ್ಯಾಟಿನಲ್ಲಿ ಕೊಂಡವನಿಗೆ ದೊರೆಯುವುದು ನೆಲದ ಅವಿಭಜಿತ ಪಾಲು. 1972ರ ಕರ್ನಾಟಕದ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯಂತೆ ಸಾಮಾನ್ಯ ಭಾಗಗಳನ್ನು ಒಡೆದು ಹಂಚಿಕೊಳ್ಳುವಂತಿಲ್ಲ. ಇದು ನನ್ನದೆಂದು ಗೆರೆ ಎಳೆದು ತೋರಿಸಲಾಗದ ನೆಲ ಅಪರಿಗ್ರಹದ ಒಳ್ಳೆಯ ಪಾಠವಾಗಬಹುದಿತ್ತು. ಆದರೆ ಆ ಗೆರೆಯನ್ನು ಕಾರು ನಿಲ್ಲಿಸುವ ಜಾಗದಲ್ಲಿ ಎಳೆದುಕೊಂಡು ಜಗಳವಾಡುತ್ತಾರೆ ಎಂದು ಕೇಳಿದ್ದೇನೆ.

ಬಸದಿಗಳ ಟ್ರಸ್ಟುಗಳಿಗೂ ಒಂದು ವಿನಂತಿ. ಮಳವಳ್ಳಿಯಂಥ ಊರಿನಲ್ಲಿ ಈ ಪ್ರಶ್ನೆ ಇನ್ನೂ ಅಷ್ಟಾಗಿ ಎದ್ದಿಲ್ಲ, ಮಂಡ್ಯದಲ್ಲಿ ಎದ್ದಿದೆ. ಎಳೆಯ ಕುಟುಂಬಗಳು ಫ್ಲ್ಯಾಟು ಸೇರುವುದನ್ನು ತಡೆಯುವಂತಿಲ್ಲ, ತಡೆಯಬೇಕಾಗಿಯೂ ಇಲ್ಲ. ಬಸದಿಯ ಆವರಣದ ಹಳೆಯ ಬಾವಿಯನ್ನು ಮುಚ್ಚಿಸಿ ಕಲ್ಯಾಣಮಂಟಪ ಕಟ್ಟುವ ಬದಲು, ಅದರ ಹೂಳೆತ್ತಿಸಿ, ಪಕ್ಕದಲ್ಲಿ ಒಂದು ಶುದ್ಧ ಚೌಕವನ್ನು ಇಟ್ಟರೆ, ಬಾವಿಯಿಲ್ಲದವರು ಆಹಾರದಾನದ ಪುಣ್ಯದಿಂದ ಹೊರಗುಳಿಯಬೇಕಾಗದು. ನಿವೇಶನದ ಹಣದಲ್ಲಿ ಒಂದು ಭಾಗ ಅಂಥದೊಂದು ಬಾವಿಗೆ ಹೋಗಿದೆ. ಈ ಬಾರಿ ಪತ್ನಿಯನ್ನು ಕೇಳಿಯೇ ಕೊಟ್ಟೆ.

ತಂಗಿಯ ಮಗ ಕಡೆಗೆ ಬಸದಿಗೆ ನಡೆದು ಬರುವಷ್ಟು ದೂರದಲ್ಲಿ ಎರಡನೆಯ ಅಂತಸ್ತಿನ ಸಣ್ಣ ಫ್ಲ್ಯಾಟೊಂದನ್ನು ಗೊತ್ತು ಮಾಡಿದ್ದಾನೆ, ಸಾಲ ಹದಿನೈದು ವರ್ಷದ್ದು. ಕರಾರಿಗೆ ಸಹಿ ಹಾಕುವ ಹಿಂದಿನ ದಿನ ದಂಪತಿಗಳಿಬ್ಬರೂ ಬಸದಿಗೆ ಬಂದು, ಜಿನಬಿಂಬದ ಮುಂದೆ ನಿಂತು, ವಾಸಕ್ಕೆ ಒಂದೇ ಮನೆ ಎಂದು ಮಿತಿ ಹೇಳಿದರು. "ಇಬ್ಬರ ಹೆಸರಿನದೂ ಸೇರಿ ಒಂದು" ಎಂದು ಅವಳು ಸೇರಿಸಿದಳು; ಅವನು ನನ್ನ ಕಡೆ ನೋಡಿದ.