ಹುಸಿಯಾಗಸದ ಗುರು

ಮಹಾನವಮಿಯಂದು ಆಯುಧಗಳಿಗೆ ಅರಿಶಿನ ಕುಂಕುಮವಿಟ್ಟು, ಹೂ ಮುಡಿಸಿ, ಧೂಪದೀಪಗಳಿಂದ ಅರ್ಚಿಸುವ ಆಚಾರವು ತವರುನಾಡಿನಿಂದ ದೂರ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ತಪ್ಪದೆ ನಡೆದುಬಂದಿದೆ. ಖಡ್ಗವಿಲ್ಲದ ಮನೆಯಲ್ಲಿ ಈಳಿಗೆಮಣೆಗೆ ಪೂಜೆ; ರಥವಿಲ್ಲದವನ ಮನೆಯಲ್ಲಿ ಸ್ಕೂಟರಿಗೆ ಪೂಜೆ; ಕಚೇರಿಯಲ್ಲಿ ಲೆಕ್ಕದ ಪುಸ್ತಕಕ್ಕೂ ಪೂಜೆ. ಆಯುಧವು ಜಡವಸ್ತು. ಅದು ಕಾಯುವುದೂ ಕೊಲ್ಲುವುದೂ ಹಿಡಿದ ಕೈಯಿಂದ. ಆ ಕೈಗೆ ಹಿಡಿಯುವ ಬಗೆಯನ್ನು ಕಲಿಸಿದವನು ಗುರು. ಹಾಗಾದರೆ ಶಿಷ್ಯನ ಆಯುಧ ಮಾಡಿದ ಕಾರ್ಯದಲ್ಲಿ ಗುರುವಿನ ಪಾಲು ಎಷ್ಟು? ಜಯದಲ್ಲಿ ಅವನಿಗೆ ಭಾಗವುಂಟಾದರೆ ಹತ್ಯೆಯಲ್ಲಿ ಇಲ್ಲವೆ? ಶಿಷ್ಯನೇ ಮಡಿದರೆ ಆ ಮರಣ ಯಾರ ಲೆಕ್ಕಕ್ಕೆ ಸೇರಬೇಕು?

ಈ ಪ್ರಶ್ನೆ ದ್ರೋಣಾಚಾರ್ಯರಷ್ಟು ಹಳೆಯದು. ಆದರೆ ಈ ಯುಗದಲ್ಲಿ ಅದು ವಿಚಿತ್ರವಾದ ಒಂದು ರೂಪವನ್ನು ತಾಳಿದೆ. ನಮ್ಮ ವಾಯುಸೇನೆಯು 1932ರ ಅಕ್ಟೋಬರ್ 8ರಂದು ಸ್ಥಾಪನೆಯಾಯಿತು. ಅದರ ವಾರ್ಷಿಕ ದಿನವು ಅನೇಕ ವರ್ಷಗಳಲ್ಲಿ ದಸರೆಯ ಆಸುಪಾಸಿನಲ್ಲಿಯೇ ಬರುತ್ತದೆ. ಆ ಸೇನೆಯ ತರುಣ ವೈಮಾನಿಕರಿಗೆ ಕಲಿಸುವವರಲ್ಲಿ ಒಂದು ವರ್ಗದವರು ಪಾಠ ಹೇಳುವಾಗ ನೆಲವನ್ನು ಬಿಟ್ಟು ಮೇಲೇಳುವುದೇ ಇಲ್ಲ. ಅವರು ಸಿಮ್ಯುಲೇಟರ್ ಶಿಕ್ಷಕರು. ಅವರ ಶಾಲೆ ಒಂದು ಕತ್ತಲೆಯ ಕೋಣೆ. ಅಲ್ಲಿ ಹಾರದ ವಿಮಾನವೊಂದರ ಚಾಲಕಸ್ಥಾನ. ಅದರ ಸುತ್ತಲೂ ಬೆಳಕಿನಿಂದ ಬರೆದ ಹುಸಿಯಾಗಸ.

ಈ ಯಂತ್ರದ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಬಿಂಗ್‌ಹ್ಯಾಂಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬವನ ತಂದೆಗೆ ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ಆರ್ಗನ್ನಿಗೆ ಗಾಳಿಯೂಡುವ ತಿದಿಗಳನ್ನೇ ಬಳಸಿಕೊಂಡು ಮಗನು 1929ರಲ್ಲಿ, ವಿಮಾನದಂತೆ ವಾಲುವ, ಏರುವ, ತಿರುಗುವ ಪುಟ್ಟ ಪೆಟ್ಟಿಗೆಯೊಂದನ್ನು ಕಟ್ಟಿದನು. ಮೊದಮೊದಲು ಅದನ್ನು ಕೊಂಡವರು ಜಾತ್ರೆಯ ತೊಟ್ಟಿಲಿನಂತಹ ವಿನೋದವನ್ನು ಒದಗಿಸುವ ವಿಹಾರೋದ್ಯಾನಗಳವರು. 1934ರಲ್ಲಿ ಅಮೆರಿಕದ ಸೈನ್ಯವು ವಿಮಾನ ಅಂಚೆಯ ಹೊಣೆಯನ್ನು ವಹಿಸಿಕೊಂಡಿತು. ಮಂಜು ಮೋಡಗಳಲ್ಲಿ ಉಪಕರಣಗಳನ್ನು ನೆಚ್ಚಿ ಹಾರಿಸುವ ಅಭ್ಯಾಸ ಸಾಲದೆ ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ವೈಮಾನಿಕರು ಪ್ರಾಣ ತೆತ್ತರು. ಅದೇ ವರ್ಷ ಸೈನ್ಯವು ಲಿಂಕನ ಆರು ಪೆಟ್ಟಿಗೆಗಳನ್ನು ಕೊಂಡಿತು. ಆಟಿಕೆಯು ಗುರುಕುಲವಾಗಲು ಅಷ್ಟು ಜೀವಗಳ ದಕ್ಷಿಣೆ ಬೇಕಾಯಿತು.

ನಮ್ಮ ದೇಶದ ಅನುಭವವೂ ಬೇರೆಯಲ್ಲ. ಬಹುಕಾಲ ನಮ್ಮ ತರುಣರು ಬೆಂಗಳೂರಿನ ಎಚ್.ಎ.ಎಲ್. ನಿರ್ಮಿತ ಕಿರಣ್‌ನಂತಹ ಸೌಮ್ಯ ವಿಮಾನದಿಂದ, ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲವನ್ನು ಸಮೀಪಿಸುವ ಮಿಗ್-21ಕ್ಕೆ ನೇರವಾಗಿ ನೆಗೆಯಬೇಕಾಗಿತ್ತು. ನಡುವೆ ಮೆಟ್ಟಿಲಿರಲಿಲ್ಲ, ಜಾರಿದವರು ಅನೇಕರು. ನಡುವಣ ಮೆಟ್ಟಿಲು ಬೇಕೆಂದು 1982ರಲ್ಲಿಯೇ ಸಮಿತಿಯೊಂದು ಶಿಫಾರಸು ಮಾಡಿತ್ತು. ಆದರೆ ಹಾಕ್ ತರಬೇತಿ ವಿಮಾನವು ಬೀದರಿನ ನೆಲೆಗೆ ಸೇರ್ಪಡೆಯಾದದ್ದು 2008ರಲ್ಲಿ. ಮಿಗ್-21 ಕೊನೆಯದಾಗಿ ನಿವೃತ್ತವಾದದ್ದು 2025ರ ಸೆಪ್ಟೆಂಬರಿನಲ್ಲಿ. ಇಂದು ಅದೇ ಬೀದರಿನಲ್ಲಿ, ಬಹಮನಿ ಸುಲ್ತಾನರ ಕೋಟೆಯ ಊರಿನಲ್ಲಿ, ತರುಣರು ನಿಜವಾದ ಹಾಕ್ ವಿಮಾನದೊಡನೆ ಹುಸಿ ವಿಮಾನದಲ್ಲಿಯೂ ಅಭ್ಯಾಸ ಮಾಡುತ್ತಾರೆ.

ಹುಸಿಯಿಂದ ನಿಜವಾದ ವಿದ್ಯೆ ಹುಟ್ಟೀತೆ ಎಂಬುದು ಮೊದಲನೆಯ ಸಂದೇಹ. ಶಂಕರ ಭಗವತ್ಪಾದರು ಬ್ರಹ್ಮಸೂತ್ರಭಾಷ್ಯದಲ್ಲಿ ಈ ಬಗೆಯ ಸಂದೇಹವನ್ನು ಎತ್ತಿಕೊಂಡಿದ್ದಾರೆ. ವಿಷವೇರಿತೆಂಬ ಬರಿಯ ಶಂಕೆಯಿಂದಲೇ ಮನುಷ್ಯನು ಸಾಯುವುದುಂಟಲ್ಲವೆ ಎಂಬುದು ಅವರು ಕೊಡುವ ದೃಷ್ಟಾಂತಗಳಲ್ಲೊಂದು. ವಿಷ ಸುಳ್ಳು, ಫಲ ನಿಜ. ಹಾಗೆಯೇ ಹುಸಿಯಾಗಸದಲ್ಲಿ ಎಂಜಿನ್ನಿಗೆ ಬೆಂಕಿ ಹತ್ತಿದ ಸೂಚನೆ ಬೆಳಗಿದಾಗ ತರುಣನ ಅಂಗೈ ಬೆವರುವುದು ನಿಜ, ಎದೆ ಹೊಡೆದುಕೊಳ್ಳುವುದು ನಿಜ. ಮೇಲಾಗಿ ಈ ವಿದ್ಯೆಯಲ್ಲಿ ಸುಳ್ಳು ಹೇಳುವುದು ಹಲವೊಮ್ಮೆ ಇಂದ್ರಿಯಗಳೇ. ಮೋಡದೊಳಗೆ ವಿಮಾನ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿದರೆ ಕಿವಿಯೊಳಗಣ ಸಮತೋಲದ ಅಂಗಕ್ಕೆ ಅದು ತಿಳಿಯದು. ‘ನೆಟ್ಟಗೆ ಹೋಗುತ್ತಿದ್ದೇನೆ’ ಎಂದು ದೇಹ ಸಾಕ್ಷಿ ಹೇಳುತ್ತದೆ, ವಿಮಾನ ನೆಲಕ್ಕಿಳಿಯುತ್ತಿರುತ್ತದೆ. ಆಗ ದೇಹದ ಮಾತನ್ನು ಬದಿಗೊತ್ತಿ ಎದುರಿನ ಉಪಕರಣವನ್ನು ನಂಬಬೇಕು. ಇಂದ್ರಿಯಗಳ ಹಿಂದೆ ಓಡುವ ಮನಸ್ಸನ್ನು ಬುದ್ಧಿಯ ಹಿಡಿತಕ್ಕೆ ತರುವ ಈ ಅಭ್ಯಾಸವು ಸಾಧಕರಿಗೆ ಅಪರಿಚಿತವಾದುದಲ್ಲ.

ಆದರೂ ಒಂದು ಅಪಾಯ ಉಳಿಯುತ್ತದೆ. ಅದನ್ನು ತಿಳಿಯಲು ವಿರಾಟಪರ್ವಕ್ಕೆ ಹೋಗಬೇಕು. ವಿಜಯದಶಮಿಯ ಬನ್ನಿಯ ಕಥೆಯೂ ಅಲ್ಲಿಯದೇ. ಅಂತಃಪುರದ ಹೆಂಗಳೆಯರ ನಡುವೆ ಕುಳಿತ ಉತ್ತರಕುಮಾರನು ಒಬ್ಬ ಸಾರಥಿ ಸಿಕ್ಕರೆ ಕೌರವರನ್ನೆಲ್ಲ ಗೆದ್ದು ಬರುವೆನೆಂದು ಕೊಚ್ಚಿಕೊಂಡನು. ಅಂತಃಪುರವೇ ಅವನ ಹುಸಿಯಾಗಸ. ಅಲ್ಲಿ ಬಾಣ ತಾಗುವುದಿಲ್ಲ, ರಕ್ತ ಸುರಿಯುವುದಿಲ್ಲ, ಸೋಲು ಕಾಣುವುದಿಲ್ಲ. ಕೌರವಸೇನೆಯ ಸಮುದ್ರ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡಿದನು. ಸಿಮ್ಯುಲೇಟರಿನಲ್ಲಿ ಹತ್ತು ಬಾರಿ ಸತ್ತು ಹತ್ತು ಬಾರಿಯೂ ಚಹಾ ಕುಡಿಯಲು ಎದ್ದು ಬಂದ ತರುಣನಿಗೂ ಇದೇ ಗಂಡಾಂತರ. ಗುಂಡಿಯೊಂದನ್ನು ಒತ್ತಿದರೆ ಪುಡಿಯಾದ ವಿಮಾನ ಮತ್ತೆ ಓಡುದಾರಿಯ ತುದಿಯಲ್ಲಿ ಸಿದ್ಧವಾಗಿ ನಿಲ್ಲುತ್ತದೆ. ತಪ್ಪನ್ನು ಅಳಿಸಬಹುದು ಎಂಬ ಪಾಠವನ್ನು ಯಂತ್ರ ತಾನಾಗಿಯೇ ಕಲಿಸಿಬಿಡುತ್ತದೆ. ಕರ್ಮಕ್ಕೆ ಫಲವಿಲ್ಲದ ಲೋಕವಿದ್ದರೆ ಅದು ಇದೊಂದೇ.

ಆದುದರಿಂದ ಯಂತ್ರವು ತೆಗೆದುಹಾಕಿದ ಭಾರವನ್ನು ಮತ್ತೆ ತಂದಿಡುವುದೇ ಶಿಕ್ಷಕನ ಮುಖ್ಯ ಧರ್ಮವಾಗುತ್ತದೆ. ಒಂದು ಪಾಠವನ್ನು ಊಹಿಸಿಕೊಳ್ಳಬಹುದು. ಮೇಲೇರಿದ ಕೆಲವು ಕ್ಷಣಗಳಲ್ಲಿಯೇ ಶಿಕ್ಷಕನು ಒಂದೇ ಎಂಜಿನ್ನಿನ ವಿಮಾನದ ಎಂಜಿನ್ನನ್ನು ನಿಲ್ಲಿಸುತ್ತಾನೆ. ವಿಮಾನವನ್ನು ಉಳಿಸುವ ಆಸೆಯಿಂದ ತರುಣನು ತಡಮಾಡುತ್ತಾನೆ. ಹೊರಚಿಮ್ಮುವ ಆಸನದ ಹಿಡಿಯನ್ನು ಎಳೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಶಿಕ್ಷಕನು ಚಿತ್ರವನ್ನು ನಿಲ್ಲಿಸುತ್ತಾನೆ. ‘ಯಂತ್ರವನ್ನು ಮತ್ತೆ ಕಟ್ಟಬಹುದು, ನಿನ್ನನ್ನಲ್ಲ’ ಎನ್ನುತ್ತಾನೆ. ಎರಡನೆಯ ಬಾರಿ ತರುಣನು ಸಕಾಲದಲ್ಲಿ ಹೊರಚಿಮ್ಮುತ್ತಾನೆ. ಖಾಲಿ ವಿಮಾನವು ಮುಂದಣ ಊರಿನ ಮೇಲೆ ಬೀಳುತ್ತದೆ. ‘ಆ ಊರಿನಲ್ಲಿ ಯಾರಿದ್ದರು?’ ಎಂದು ಶಿಕ್ಷಕನು ಕೇಳುತ್ತಾನೆ. ‘ಅದು ಬರಿಯ ಚಿತ್ರ, ಸರ್’ ಎಂಬ ಉತ್ತರ ಬಂದರೆ ಪಾಠ ಇನ್ನೂ ಮುಗಿದಿಲ್ಲವೆಂದೇ ಅರ್ಥ. ಹುಸಿಯಾಗಸದ ಕೆಳಗಣ ಊರಿನಲ್ಲಿ ಜನರಿಲ್ಲ. ಆ ಮನೆಗಳಲ್ಲಿ ಒಲೆ ಉರಿಸಿ, ಮಕ್ಕಳನ್ನು ಅಂಗಳದಲ್ಲಿ ಆಡಲು ಬಿಡುವುದು ಗುರುವಿನ ಕೆಲಸ. ಹೊರಚಿಮ್ಮುವ ಮೊದಲು, ಕೈಯಲ್ಲಿ ಕ್ಷಣವೊಂದು ಉಳಿದಿದ್ದರೆ, ವಿಮಾನದ ಮೂತಿಯನ್ನು ಬಯಲಿನ ಕಡೆಗೆ ತಿರುಗಿಸುವುದು ಅಭ್ಯಾಸವಾಗುವುದು ಆಗಲೇ.

ಶಿಕ್ಷಕನಿಗೂ ಒಂದು ಪರೀಕ್ಷೆಯಿದೆ. ಆ ಕೋಣೆಯಲ್ಲಿ ಅವನು ಬಹುಮಟ್ಟಿಗೆ ಈಶ್ವರ. ಮಂಜು ಕವಿಸುವವನು ಅವನು. ಇರುಳು ತರುವವನು ಅವನು. ಹಕ್ಕಿಯನ್ನು ಎಂಜಿನ್ನಿಗೆ ಎಸೆಯುವವನು ಅವನು. ಒಂದರ ಮೇಲೊಂದು ಸಂಕಟ ಹೇರಿ ಯಾವ ಶಿಷ್ಯನನ್ನಾದರೂ ಸೋಲಿಸಬಹುದು, ಸೋಲಿಸಿ ನಗಲೂಬಹುದು. ಬೃಹನ್ನಳೆ ಹಾಗೆ ಮಾಡಲಿಲ್ಲ. ಓಡಿದ ಉತ್ತರನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದದ್ದು ನಿಜ. ಆದರೆ ಹೇಡಿಯೆಂದು ಹಳಿದು ಮನೆಗೆ ಕಳಿಸಲಿಲ್ಲ. ಬನ್ನಿಯ ಮರದ ಬಳಿಗೆ ಕರೆದೊಯ್ದು, ಮರವನ್ನು ಅವನಿಂದಲೇ ಹತ್ತಿಸಿ, ಆಯುಧಗಳನ್ನು ಅವನಿಂದಲೇ ಇಳಿಸಿ, ಕುದುರೆಗಳ ವಾಘೆಯನ್ನು ಅವನ ಕೈಗೆ ಕೊಟ್ಟನು. ಬಿಲ್ಲು ಹಿಡಿಯಲಾರದವನು ವಾಘೆ ಹಿಡಿಯಬಲ್ಲನು. ಶಿಷ್ಯನ ಭಯದ ಅಳತೆಯನ್ನು ತಿಳಿದು, ಅದಕ್ಕಿಂತ ಕೂದಲೆಳೆಯಷ್ಟೇ ದೊಡ್ಡದಾದ ಹೊಣೆಯನ್ನು ಕೊಡುವವನೇ ಗುರು.

ಇಷ್ಟಾದರೂ ಒಂದು ಆಕ್ಷೇಪ ಉಳಿದೇ ಇರುತ್ತದೆ. ಎಷ್ಟಾದರೂ ಇದು ಕೊಲ್ಲುವ ವಿದ್ಯೆಯಲ್ಲವೆ? ತೆರೆಯ ಮೇಲಣ ಗುರಿಗೆ ಮುಖವಿಲ್ಲ. ಅದನ್ನು ಹೊಡೆದು ಹೊಡೆದು ರೂಢಿಯಾದ ಕೈಗೆ, ಮುಖವಿರುವ ಗುರಿಯೆದುರು ಹಿಂಜರಿಕೆ ಬಂದೀತೆ? ಇದಕ್ಕೆ ಸೌಪ್ತಿಕಪರ್ವವು ಉತ್ತರದ ದಾರಿಯನ್ನು ತೋರುತ್ತದೆ. ಅಶ್ವತ್ಥಾಮನೂ ಅರ್ಜುನನೂ ಎದುರುಬದುರಾಗಿ ಬ್ರಹ್ಮಶಿರೋಸ್ತ್ರವನ್ನು ಬಿಟ್ಟಾಗ, ಲೋಕಕ್ಕೆ ಕೇಡಾಗುವುದೆಂದು ವ್ಯಾಸನಾರದರು ನಡುವೆ ನಿಂತರು. ಅರ್ಜುನನು ತನ್ನ ಅಸ್ತ್ರವನ್ನು ಹಿಂತೆಗೆದುಕೊಂಡನು. ಅಶ್ವತ್ಥಾಮನಿಂದ ಆಗಲಿಲ್ಲ, ಅದು ಪಾಂಡವವಂಶದ ಗರ್ಭದ ಮೇಲೆ ಬಿದ್ದಿತು. ಇಬ್ಬರಿಗೂ ಗುರು ಒಬ್ಬನೇ. ಉಪಸಂಹಾರವು ಬರಿಯ ಮಂತ್ರದಿಂದ ಆಗುವುದಲ್ಲ, ಮನಸ್ಸನ್ನು ಗೆದ್ದವನಿಗೆ ಮಾತ್ರ ಸಾಧ್ಯ ಎಂಬುದು ಆ ಕಥೆಯ ತಿರುಳು.

ಹುಸಿಯಾಗಸದಲ್ಲಿ ಉಪಸಂಹಾರವನ್ನು ಕಲಿಸಲು ಬರುತ್ತದೆ, ಕಲಿಸಲೇಬೇಕು. ಗುರಿ ಯಾವುದೆಂದು ಖಚಿತವಾಗದಿದ್ದಾಗ ಬೆರಳನ್ನು ತೆಗೆದು, ಬರಿಗೈಯಲ್ಲಿ ಹಿಂದಿರುಗಿದ ಶಿಷ್ಯನಿಗೆ, ಗುರಿ ಹೊಡೆದವನಿಗೆ ದೊರೆಯುವಷ್ಟೇ ಮನ್ನಣೆ ದೊರೆಯಬೇಕು. ಶಿಕ್ಷಕನು ಹೊಡೆದ ಗುರಿಗಳನ್ನು ಮಾತ್ರ ಎಣಿಸಿದರೆ ಅಶ್ವತ್ಥಾಮರು ತಯಾರಾಗುತ್ತಾರೆ. ಹೊಡೆಯದೆ ಬಿಟ್ಟ ಬಾಣಗಳನ್ನೂ ಎಣಿಸಿದರೆ ಅರ್ಜುನರು ತಯಾರಾದಾರು. ವಿರಾಟನಗರಿಯ ಆ ಯುದ್ಧದಲ್ಲಿಯೂ ಕೊನೆಗೆ ಅರ್ಜುನನು ಸಮ್ಮೋಹನಾಸ್ತ್ರದಿಂದ ಕೌರವವೀರರನ್ನು ಮೂರ್ಛೆಗೊಳಿಸಿದನು. ಮೈಮರೆತು ಬಿದ್ದವರ ಕೊರಳಿಗೆ ಕತ್ತಿ ಹಾಕದೆ ಉತ್ತರೀಯಗಳನ್ನಷ್ಟೇ ತೆಗೆಸಿಕೊಂಡನೆಂಬುದನ್ನು ಬನ್ನಿ ಹಂಚುವವರು ನೆನೆಯಬೇಕು.

ಆದರೆ ಉತ್ತರನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕುರುಕ್ಷೇತ್ರದ ಮೊದಲನೆಯ ದಿನವೇ ಅವನು ಶಲ್ಯನನ್ನು ಎದುರಿಸಿ ಮಡಿದನು. ಅಂದು ಓಡಿದವನು ಇಂದು ಓಡಲಿಲ್ಲ. ಓಡದಿರಲು ಕಲಿಸಿದವನು ಯಾರು? ಹೇಡಿಯಾಗಿಯೇ ಉಳಿದಿದ್ದರೆ ಅವನು ಅಂತಃಪುರದಲ್ಲಿ ಕೊಚ್ಚಿಕೊಳ್ಳುತ್ತ ಮುದುಕನಾಗುತ್ತಿದ್ದನೋ ಏನೋ. ಶಿಷ್ಯನ ಭಯವನ್ನು ಕಳೆದ ಗುರುವು ಅವನ ಆಯುಸ್ಸನ್ನೂ ಕಳೆದನೆಂದು ಹೇಳಬಹುದೆ? ಹುಸಿಯಾಗಸದ ಗುರುವಿನ ಎದೆಯನ್ನು ಕೊರೆಯುವ ಪ್ರಶ್ನೆ ಇದೇ. ಅವನು ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾನೆ. ಅವನಿಂದ ಧೈರ್ಯ ಪಡೆದವನು ನಿಜವಾದ ಇರುಳಿನಲ್ಲಿ ಒಬ್ಬನೇ ಹಾರುತ್ತಿರುತ್ತಾನೆ.

ವಿಚಾರ ಮಾಡಿದರೆ, ಗುರುವು ಕಲಿಸದಿದ್ದರೂ ಯುದ್ಧ ಬರುತ್ತಿತ್ತು. ರಾಜಪುತ್ರನು ರಣರಂಗಕ್ಕೆ ಹೋಗಲೇಬೇಕಾಗಿತ್ತು. ಕಲಿಯದೆ ಹೋಗುತ್ತಿದ್ದನು, ಅಷ್ಟೇ. ಯುದ್ಧವನ್ನು ನಿರ್ಣಯಿಸುವವರು ಬೇರೆ. ಕಲಿಸದೆ ಕಳಿಸುವುದು ಅಹಿಂಸೆಯಲ್ಲ, ಅಲಕ್ಷ್ಯ. ಬೀದರಿಗೆ ಹಾಕ್ ಬರುವ ಮೊದಲು ಜಾರಿದ ತರುಣರ ನೆನಪೇ ಇದಕ್ಕೆ ಸಾಕ್ಷಿ. ಶಿಷ್ಯನ ಮರಣಕ್ಕೆ ಗುರು ಕಾರಣನಲ್ಲ ಎಂದು ಇಷ್ಟರಮಟ್ಟಿಗೆ ನ್ಯಾಯವಾಗಿಯೇ ಹೇಳಬಹುದು. ಆದರೆ ‘ಕಾರಣನಲ್ಲ’ ಎಂಬುದೂ ‘ಸಂಬಂಧವಿಲ್ಲ’ ಎಂಬುದೂ ಒಂದೇ ಅಲ್ಲ. ಜಮೆ ಖರ್ಚುಗಳೆರಡೂ ಸರಿಹೊಂದಿದ ಮೇಲೂ ಕೆಲವು ಋಣಗಳು ಯಾವ ಪುಸ್ತಕಕ್ಕೂ ಏರದೆ ಉಳಿಯುತ್ತವೆ. ಇದು ಅಂತಹ ಋಣ. ಅದನ್ನು ತೀರಿಸಲು ಬರುವುದಿಲ್ಲ. ನಾಳೆ ಬರುವ ಶಿಷ್ಯನಿಗೆ ಪಾಠವನ್ನು ಇನ್ನಷ್ಟು ಎಚ್ಚರದಿಂದ ಹೇಳಿ ಅದನ್ನು ಹೊತ್ತು ನಡೆಯಬಹುದು. ಆ ಭಾರ ಇಳಿದುಹೋಯಿತೆಂದು ಯಾವ ದಿನ ಅನಿಸುತ್ತದೆಯೋ ಆ ದಿನ ಗುರುವು ಆ ಕೋಣೆಯಿಂದ ಹೊರಗೆ ಬರುವುದು ಲೇಸು.

ಪಾಂಡವರು ಆಯುಧಗಳನ್ನು ಶವದಂತೆ ಕಟ್ಟಿ ಬನ್ನಿಯ ಮರದ ಮೇಲೆ ಒಂದು ವರ್ಷ ಇಟ್ಟಿದ್ದರು. ಅವುಗಳನ್ನು ಮುಟ್ಟದೆ ಕಳೆದ ಆ ವರ್ಷದಲ್ಲಿ ಅರ್ಜುನನು ಮಕ್ಕಳಿಗೆ ನಾಟ್ಯ ಕಲಿಸಿದನು. ಆಯುಧದ ವಿದ್ಯೆಯಲ್ಲಿ, ಅದನ್ನು ಮರದ ಮೇಲೆ ಇಟ್ಟಿರಬಲ್ಲ ಶಕ್ತಿಯೂ ಸೇರಿದೆ. ದಶಮಿಯ ಸಂಜೆ ‘ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ’ ಎಂದು ಹಿರಿಯರ ಕಾಲು ಮುಟ್ಟಿ ಎಲೆಯನ್ನು ಕೈಗಿಡುವಾಗ, ಎಲ್ಲೋ ಒಂದು ಕತ್ತಲೆಯ ಕೋಣೆಯಲ್ಲಿ, ಜನರಿಲ್ಲದ ಊರಿನಲ್ಲಿ ಜನರನ್ನು ಕಾಣಲು ಕಲಿಸುತ್ತಿರುವ ಗುರುವಿಗೂ, ಕಲಿಯುತ್ತಿರುವ ತರುಣನಿಗೂ ಮನಸ್ಸಿನಲ್ಲಿಯೇ ಒಂದೊಂದು ಎಲೆ ಸಲ್ಲಲಿ. ಕಲಿತ ವಿದ್ಯೆ ಕಾಯಲಿ. ಬಿಟ್ಟ ಬಾಣವನ್ನು ಹಿಂದಕ್ಕೆ ಕರೆಯುವ ಬಲವನ್ನು ತಾಯಿ ಚಾಮುಂಡೇಶ್ವರಿ ಎಲ್ಲರಿಗೂ ಕೊಡಲಿ.