ಎರಡು ತಪಾಸಣೆಗಳ ನಡುವೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಂತಹ ಊರುಗಳಿಗೆ ಲಿಫ್ಟ್ ಇನ್ನೂ ಹೊಸ ನೆಂಟ. ಮೂರು ಮಹಡಿಯನ್ನು ನಾನು ಮೆಟ್ಟಿಲಲ್ಲೇ ಹತ್ತಿಬಿಡುತ್ತೇನೆ. ಮಂಡಿ ಸವೆದ ಅಜ್ಜಿ, ತುಂಬು ಬಸುರಿ ಹತ್ತಲಾರರು. ಅಂದರೆ ಲಿಫ್ಟಿನ ಅಪಾಯ ಹೆಚ್ಚಾಗಿ ಬೀಳುವುದು ಒಲ್ಲೆ ಎನ್ನುವ ಆಯ್ಕೆಯೇ ಇಲ್ಲದವರ ಮೇಲೆ. ಲೈಸೆನ್ಸ್ ಪಡೆದ ಕಟ್ಟಡದ ಮಾಲೀಕ ಇವರಿಗೆ ಇನ್ನೇನು ಬಾಕಿ ಇದ್ದಾನೆ?

ಕರ್ನಾಟಕದಲ್ಲಿ ಇದಕ್ಕೆಂದೇ 2012ರ ಕಾಯ್ದೆಯಿದೆ. ಲಿಫ್ಟ್ ಕೂರಿಸಲು ಅನುಮತಿ, ಓಡಿಸಲು ಲೈಸೆನ್ಸ್, ಆಮೇಲೆ ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ. ಅಪಘಾತವಾದರೆ ತಿಳಿಸುವ ಹೊಣೆಯೂ ಮಾಲೀಕನದೇ.

ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟವಾದ ತನ್ನ ನೀತಿಗ್ರಂಥದಲ್ಲಿ ಒಬ್ಬ ಅಂಗಡಿಯವನನ್ನು ತರುತ್ತಾನೆ. ಮಗು ಬಂದರೂ ಅವನು ಮೋಸ ಮಾಡುವುದಿಲ್ಲ, ವ್ಯಾಪಾರ ಕೆಡಬಾರದಲ್ಲ! ಕಾಂಟ್ ಪ್ರಕಾರ ಇದು ಕರ್ತವ್ಯಕ್ಕೆ ಹೊಂದುತ್ತದೆ, ಕರ್ತವ್ಯದಿಂದ ಹುಟ್ಟಿದ್ದಲ್ಲ. ಬೆಲೆ ಸರಿಯಿದ್ದರೆ ಸಾಲದೆ, ಮನಸ್ಸು ಯಾಕೆ ಕೆದಕಬೇಕು ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಂಗಡಿಯ ಮಟ್ಟಿಗೆ ಅದು ಒಳ್ಳೆಯ ಪ್ರಶ್ನೆ. ಲಿಫ್ಟಿನ ಮಟ್ಟಿಗೆ ಅಲ್ಲ.

ಲಿಫ್ಟ್ ಎಂದರೆ ನಮಗೆ ಹಗ್ಗ ಹರಿಯುವ ಭಯ. ಆ ಭಯಕ್ಕೆ ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಾನು ನಿಂತ ಅಟ್ಟಣೆಯ ಹಗ್ಗವನ್ನೇ ಕಡಿಸಿ ಉತ್ತರ ಕೊಟ್ಟ. ಅವನ ಬ್ರೇಕು ಅಟ್ಟಣೆಯನ್ನು ಹಿಡಿದು ನಿಲ್ಲಿಸಿತು. ಹೆಚ್ಚು ಎಚ್ಚರ ಬೇಕಾದದ್ದು ಬಾಗಿಲಿಗೆ. ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಚಲಿಸದಂತೆ ಅದರ ಲಾಕಿನಲ್ಲೊಂದು ವಿದ್ಯುತ್ ಸಂಪರ್ಕವಿರುತ್ತದೆ. ಅದು ಕೆಟ್ಟರೆ ಲಿಫ್ಟ್ ನಿಲ್ಲುತ್ತದೆ, ನಿಲ್ಲಲೇಬೇಕು. ಕಲ್ಯಾಣ ಮಂಟಪದಲ್ಲಿ ಮುಹೂರ್ತದ ಹೊತ್ತಿಗೇ ಹೀಗಾಯಿತು ಅನ್ನಿ. ಹೊಸ ಲಾಕು ಮೈಸೂರಿನಿಂದ ಬರಬೇಕು. ಒಂದು ತುಂಡು ತಂತಿಯಿಂದ ಆ ಸಂಪರ್ಕವನ್ನು ಜೋಡಿಸಿಬಿಟ್ಟರೆ ಬಾಗಿಲು ತೆರೆದಿದ್ದರೂ ಲಿಫ್ಟ್ ಓಡುತ್ತದೆ. ‘ಇವತ್ತೊಂದು ದಿನ.’ ಮುಂದಿನ ತಪಾಸಣೆಯ ಹಿಂದಿನ ದಿನ ತಂತಿ ಬಿಚ್ಚಿದರಾಯಿತು. ಗೋಡೆಯ ಮೇಲಿನ ಲೈಸೆನ್ಸ್ ಸುಳ್ಳು ಹೇಳುತ್ತಿಲ್ಲ. ಅದು ಬೇರೊಂದು ದಿನದ ಮಾತು. ವ್ಯಾಪಾರಕ್ಕೆಂದು ಮಾತ್ರ ನಿಯಮ ಪಾಲಿಸಿದವನು ಇಲ್ಲಿ ತಂತಿ ಸುತ್ತುತ್ತಾನೆ, ಏಕೆಂದರೆ ವ್ಯಾಪಾರವೇ ಈಗ ಅದನ್ನು ಕೇಳುತ್ತಿದೆ. ಕಾಂಟ್ ಕೆದಕುವ ಮನಸ್ಸು ತಂತಿಯ ರೂಪದಲ್ಲಿ ಕೈಗೆ ಸಿಗುವುದು ಹೀಗೆ.

ಮಾಲೀಕ ಕಟುಕನೇನಲ್ಲ. ವಯಸ್ಸಾದವರಿಗೆ ತೊಂದರೆಯಾಗಬಾರದೆಂದೇ ಅವನು ತಂತಿ ಸುತ್ತಿಸಿರಬಹುದು. ನನ್ನನ್ನು ಹೆಚ್ಚು ಕಾಡುವುದು ಈ ದಯೆಯೇ. ಯಾರಿಗಾಗಿ ಅಪಾಯ ತಂದನೋ ಅವರನ್ನು ಅವನು ಕೇಳಿಲ್ಲ. ಲಿಫ್ಟ್ ಕೆಟ್ಟಿದೆ ಎಂದು ಬೋರ್ಡ್ ಹಾಕಿದರೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹುಡುಗರು ಹೊರಬೇಕು. ಅಜ್ಜಿ ಬೈಯುತ್ತಾಳೆ, ಬೀಗರು ಮುಖ ಸಿಂಡರಿಸುತ್ತಾರೆ, ಪಂಕ್ತಿ ಅರ್ಧ ಗಂಟೆ ತಡವಾಗುತ್ತದೆ.